ನೀರು ಕಟ್ಟಿದ ಊರು, ನೀರು ಬಿಡಿಸಿದ ಊರು

ಮಂಡ್ಯ ಜಿಲ್ಲೆಯ ಪಡುವಣ ಭಾಗದಲ್ಲಿ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂಬ ನಾಲ್ಕು ತಾಲ್ಲೂಕುಗಳು ಒಂದಕ್ಕೊಂದು ಅಂಟಿಕೊಂಡಿವೆ. ರಜೆಯ ದಿನ ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಮಕ್ಕಳುಮರಿಗಳೊಡನೆ ಹೊರಟ ಸಂಸಾರಗಳು ರಂಗನಾಥನ ದರ್ಶನ ಮಾಡಿ, ದರಿಯಾ ದೌಲತ್ ನೋಡಿ, ಸಂಜೆಗೆ ಬೃಂದಾವನದ ಕಾರಂಜಿಗಳ ಮುಂದೆ ನಿಂತು ಹಿಂದಿರುಗುವುದು ವಾಡಿಕೆ. ಇನ್ನೂ ಸ್ವಲ್ಪ ಬಿಡುವುಳ್ಳವರು ಮೇಲುಕೋಟೆಯ ಬೆಟ್ಟವನ್ನು ಹತ್ತುವುದೂ ಉಂಟು. ಆದರೆ ಈ ನಾಲ್ಕು ತಾಲ್ಲೂಕುಗಳಲ್ಲಿ ಬೇರೊಂದು ಬಗೆಯ ಯಾತ್ರೆಗೂ ಅವಕಾಶವಿದೆ. ಹೊಳೆಯ ಭಯದಿಂದ ನಡುಗುವ ಊರು, ಅಣೆಕಟ್ಟಿಗಾಗಿ ಎದ್ದುಹೋದ ಊರು, ನಾಲೆಯ ನೀರು ಬಂದು ಬೆಳೆದ ಊರು, ನೀರು ಬಾರದೆ ಬರಿದಾಗುತ್ತಿರುವ ಊರು, ಇವೆಲ್ಲವೂ ಒಂದು ಹಗಲಿನ ಪ್ರಯಾಣದೊಳಗೆ ಇಲ್ಲಿ ಕಾಣಸಿಗುತ್ತವೆ. ಮಳೆಯ ನಡತೆ ಬದಲಾಗುತ್ತಿರುವ ಈ ಕಾಲದಲ್ಲಿ ಊರನ್ನು ಎಲ್ಲಿ ಕಟ್ಟಬೇಕು, ಎಬ್ಬಿಸಲೇಬೇಕಾದರೆ ಹೇಗೆ ಎಬ್ಬಿಸಬೇಕು ಎಂದು ಚಿಂತಿಸುವವರಿಗೆ ಈ ಸೀಮೆ ಒಂದು ತೆರೆದ ಪಾಠಶಾಲೆ.

ಹೊಳೆಯ ನಡುವಿನ ರಾಜಧಾನಿ

ಶ್ರೀರಂಗಪಟ್ಟಣದ ಬಳಿ ಕಾವೇರಿಯು ಎರಡಾಗಿ ಒಡೆದು, ಊರನ್ನು ತೋಳುಗಳಲ್ಲಿ ಅಪ್ಪಿ, ಕೆಳಗೆ ಸಂಗಮದಲ್ಲಿ ಮತ್ತೆ ಒಂದಾಗುತ್ತಾಳೆ. ಬೇರೆ ಕೋಟೆಗಳಿಗೆ ಕಂದಕವನ್ನು ತೋಡಬೇಕು. ಇಲ್ಲಿ ನದಿಯೇ ಕಂದಕ. ಆದರೆ ಈ ಕಾವಲು ವರ್ಷದಲ್ಲಿ ಅರ್ಧ ಕಾಲ ಮಾತ್ರ. 1791ರ ಮೇ ತಿಂಗಳಲ್ಲಿ ಪಟ್ಟಣವನ್ನು ಮುತ್ತಲು ಬಂದ ಕಾರ್ನ್‌ವಾಲಿಸನು ದವಸ ಮುಗಿದು, ಮಳೆ ಹಿಡಿದು, ರೋಗ ಹಬ್ಬಿ, ಕನ್ನಂಬಾಡಿಯ ಹತ್ತಿರ ತನ್ನ ದೊಡ್ಡ ತೋಪುಗಳನ್ನು ತಾನೇ ಕೆಡಿಸಿ ಹಿಂದಿರುಗಬೇಕಾಯಿತು. ಆ ಪಾಠವನ್ನು ಇಂಗ್ಲಿಷರು ಮರೆಯಲಿಲ್ಲ. 1799ರಲ್ಲಿ ಹೊಳೆ ಏರುವ ಮೊದಲೇ ಕೆಲಸ ಮುಗಿಸಬೇಕೆಂದು ಅವಸರಪಟ್ಟು, ಮೇ 4ರಂದು ಕೋಟೆಯನ್ನು ಹಿಡಿದರು.

ದ್ವೀಪದ ಮೂಡಣ ಭಾಗದಲ್ಲಿರುವ ಗಂಜಾಂ ಜನರನ್ನು ಎಬ್ಬಿಸಿ ತಂದು ಕಟ್ಟಿದ ಪೇಟೆ. ಟಿಪ್ಪು ಸುಲ್ತಾನನು ಶಿರಾ ಪಟ್ಟಣದಿಂದ 12,000 ಕುಟುಂಬಗಳನ್ನು ತರಿಸಿ ಇಲ್ಲಿ ನೆಲೆಗೊಳಿಸಿದನೆಂದು ಗೆಜೆಟಿಯರು ಹೇಳುತ್ತದೆ. ಅರಸನ ಅಪ್ಪಣೆಯಿಂದ ಬಂದ ಪೇಟೆಯು ಅರಸನು ಹೋದಮೇಲೆ ಸೊರಗಿತು. 1800ರಲ್ಲಿ ಬಂದ ಬುಕಾನನ್ನನು ದ್ವೀಪದಲ್ಲಿ 31,895 ಜನರಿದ್ದಾರೆಂದು ಬರೆದುಕೊಂಡನು. ವೈಭವದ ದಿನಗಳಲ್ಲಿ ಅದರ ಹಲವು ಪಾಲು ಜನರಿದ್ದರು. ಅರಮನೆ ಮೈಸೂರಿಗೆ ಹೋಯಿತು. ದಂಡು ಮಾತ್ರ ಕೆಲಕಾಲ ಉಳಿಯಿತು. ತಗ್ಗಿನ ನೆಲದ ಚಳಿಜ್ವರಕ್ಕೆ ಸಿಪಾಯಿಗಳು ಒಬ್ಬೊಬ್ಬರಾಗಿ ಬೀಳತೊಡಗಿದಾಗ, 1809ರಲ್ಲಿ ಅದೂ ಬೆಂಗಳೂರಿಗೆ ತೆರಳಿತು. ಬೆಂಗಳೂರಿನ ದಂಡು ಪ್ರದೇಶದ ಹುಟ್ಟಿಗೆ ಈ ದ್ವೀಪದ ಸೊಳ್ಳೆಯೂ ಒಂದು ಕಾರಣವೆಂದರೆ ನಗೆಮಾತಲ್ಲ.

ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಮುಗಿದ ವೆಲ್ಲೆಸ್ಲಿ ಸೇತುವೆ ಇಂದಿಗೂ ಇಲ್ಲಿದೆ. ಕಲ್ಲಿನ ಕಂಬಗಳ ಮೇಲೆ ಕಲ್ಲಿನ ತೊಲೆ, ಅದರ ಮೇಲೆ ಕಲ್ಲಿನ ಚಪ್ಪಡಿ. ಎರಡು ಶತಮಾನಗಳ ಮಹಾಪೂರಗಳನ್ನು ಅದು ತಲೆಯೊಡ್ಡಿ ಸಹಿಸಿದೆ. 2018ರಲ್ಲಿಯೂ 2019ರಲ್ಲಿಯೂ ಹೊಳೆ ಉಕ್ಕಿ ಸೇತುವೆಯ ಮೇಲೆ ಹರಿಯಿತು. ಅದೇ ಪೂರಗಳಲ್ಲಿ ಪಕ್ಕದ ರಂಗನತಿಟ್ಟಿನ ನಡುಗಡ್ಡೆಗಳ ದಡಗಳು ಕೊಚ್ಚಿಹೋದವು. ಕಂಠೀರವ ನರಸರಾಜ ಒಡೆಯರು 17ನೆಯ ಶತಮಾನದ ನಡುಗಾಲದಲ್ಲಿ ಒಡ್ಡು ಹಾಕಿಸಿದ್ದರಿಂದ ಉಂಟಾದ ನಡುಗಡ್ಡೆಗಳಿವು. ಸಲೀಂ ಅಲಿಯವರ ಸಲಹೆಯ ಮೇರೆಗೆ 1940ರಲ್ಲಿ ಪಕ್ಷಿಧಾಮವಾದವು. 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದವು. ಕೊಚ್ಚಿಹೋದ ದಡಕ್ಕೆ ಅರಣ್ಯ ಇಲಾಖೆಯವರು ಮಣ್ಣಿನ ಚೀಲಗಳನ್ನು ಒಟ್ಟಿ ಮತ್ತೆ ಅಂಚು ಕಟ್ಟಬೇಕಾಯಿತು. ಗೂಡು ಹೋದ ಹಕ್ಕಿ ಮರುವರ್ಷ ಬೇರೆ ಮರವನ್ನು ಹುಡುಕಿಕೊಳ್ಳುತ್ತದೆ. ಹೊಳೆಯಂಚಿನಲ್ಲಿ ಮನೆ ಕಟ್ಟಿಕೊಂಡವನಿಗೆ ಆ ಅನುಕೂಲವಿಲ್ಲ.

ಮುಳುಗಿದ ಊರಿನ ಹೆಸರು

ಪಟ್ಟಣದಿಂದ ಹೊಳೆಯ ಜಾಡನ್ನು ಹಿಡಿದು ಮೇಲಕ್ಕೆ ಹೋದರೆ ಕೃಷ್ಣರಾಜಸಾಗರ. ಸರ್ಕಾರದ ಕಾಗದಪತ್ರಗಳಲ್ಲಿ ಅದು ಕೃಷ್ಣರಾಜಸಾಗರವೇ. ಜನರ ಬಾಯಲ್ಲಿ ಮಾತ್ರ ಇಂದಿಗೂ ಕನ್ನಂಬಾಡಿ ಕಟ್ಟೆ. ಯಾವ ಊರು ನೀರಿನಡಿಗೆ ಹೋಯಿತೋ ಅದೇ ಊರಿನ ಹೆಸರನ್ನು ಕಟ್ಟೆಗೆ ಇಟ್ಟು ಜನರು ಅದನ್ನು ಮುಳುಗಗೊಡದೆ ಕಾಪಾಡಿದ್ದಾರೆ.

ಇಲ್ಲಿ ಕಟ್ಟೆ ಕಟ್ಟುವ ಯೋಚನೆ ಹಳೆಯದು. ಟಿಪ್ಪು ಸುಲ್ತಾನನು ಇದೇ ಸುತ್ತಿನಲ್ಲಿ ಕಾವೇರಿಗೆ ಅಣೆ ಹಾಕಲು ಉದ್ದೇಶಿಸಿದ್ದನೆಂದು ಸಾರುವ ಪಾರಸಿ ಶಾಸನವೊಂದು ಕೆಲಸದ ಕಾಲದಲ್ಲಿ ದೊರೆಯಿತು. ಆದರೆ ಕಟ್ಟೆಯ ಅಗತ್ಯವನ್ನು ಕಣ್ಣಿಗೆ ಹೊಡೆಯುವಂತೆ ತೋರಿಸಿದ್ದು 1876ರಿಂದ 1878ರ ವರೆಗಿನ ದೊಡ್ಡ ಕ್ಷಾಮ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ 50 ಲಕ್ಷಕ್ಕೂ ಮೀರಿ ಜನರಿದ್ದರು. 1881ರಲ್ಲಿ ಉಳಿದವರು ಸುಮಾರು 41 ಲಕ್ಷ 86 ಸಾವಿರ. ಹೊಳೆ ಪಕ್ಕದಲ್ಲಿ ಹರಿಯುತ್ತಿದ್ದರೂ ಎತ್ತರದ ಹೊಲಗಳಿಗೆ ಅದು ಎಟುಕುತ್ತಿರಲಿಲ್ಲ. ಈ ನೆನಪು ಹಸಿಯಾಗಿದ್ದ ನಾಡಿನಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಮುಖ್ಯ ಇಂಜಿನಿಯರ್ ವಿಶ್ವೇಶ್ವರಯ್ಯನವರ ಯೋಜನೆಯಂತೆ 1911ರ ನವೆಂಬರಿನಲ್ಲಿ ಕೆಲಸ ಆರಂಭವಾಯಿತು. ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಮೂರೂ ಕೂಡಿದ ಮೇಲೆ ಸಿಗುವ ಜಾಗವೆಂದು ಕನ್ನಂಬಾಡಿಯನ್ನು ಆರಿಸಿದರು. ಮದರಾಸಿನ ತಕರಾರಿನಿಂದಾಗಿ ಮೊದಲಿಗೆ 80 ಅಡಿಗೆ ಮಾತ್ರ ಒಪ್ಪಿಗೆ ಸಿಕ್ಕಿತು. ಅಡಿಪಾಯವನ್ನು ಮಾತ್ರ 124 ಅಡಿಯ ಕಟ್ಟೆಗೆ ತಕ್ಕಷ್ಟು ಅಗಲಕ್ಕೆ ಹಾಕಿಸಿದರು. ಮುಂದೆ 1924ರ ಒಪ್ಪಂದದಿಂದ ಆ ಎತ್ತರಕ್ಕೆ ಸಮ್ಮತಿ ದೊರೆಯಿತು. ಸುಣ್ಣ ಮತ್ತು ಸುರ್ಕಿಯ ಗಾರೆಯಿಂದ ಕಟ್ಟಿದ, ಸುಮಾರು 8,600 ಅಡಿ ಉದ್ದದ ಈ ಕಟ್ಟೆ ಮುಗಿಯಲು ಇಪ್ಪತ್ತು ವರ್ಷ ಹಿಡಿಯಿತು.

ಅಷ್ಟರಲ್ಲಿ ಕನ್ನಂಬಾಡಿಯೂ ನೆರೆಯ ಹಳ್ಳಿಗಳೂ ಎದ್ದುಹೋಗಿದ್ದವು. ಊರಿನವರು ಉತ್ತರ ದಂಡೆಯ ಎತ್ತರದಲ್ಲಿ ನೆಲೆ ನಿಂತರು. ಆ ನೆಲೆಗೆ ಹೊಸ ಕನ್ನಂಬಾಡಿ ಎಂದು ಹೆಸರಾಯಿತು. ವೇಣುಗೋಪಾಲಸ್ವಾಮಿಯ ಮೂರ್ತಿಯನ್ನು ಹೊತ್ತುಕೊಂಡು ಬಂದರು. ಹೊಯ್ಸಳರ ಕಾಲದ ಗುಡಿ ಮಾತ್ರ ನೀರಿನಲ್ಲಿ ಉಳಿಯಿತು. ಹೊಲವನ್ನು ಅಳೆದು ಬೆಲೆ ಕಟ್ಟಬಹುದು. ಬಾವಿಕಟ್ಟೆಯ ಮಾತು, ಅರಳಿಮರದ ನೆರಳು, ಹಿರಿಯರನ್ನು ಮಣ್ಣುಮಾಡಿದ ಜಾಗ, ಇವುಗಳಿಗೆ ಯಾವ ಅಮಲ್ದಾರನು ಬೆಲೆ ಕಟ್ಟಿಯಾನು?

ಕಲ್ಲಿಗೆ ಅಂಕಿ, ಮನುಷ್ಯನಿಗೆ?

2000ದ ಸುಮಾರಿಗೆ ಬಂದ ಬರಗಾಲಗಳಲ್ಲಿ ನೀರು ಇಳಿದು ಮುಳುಗಿದ್ದ ಗುಡಿ ಮತ್ತೆ ಮೈದೋರಿತು. ಎಪ್ಪತ್ತು ವರ್ಷ ನೀರಿನಲ್ಲಿ ನೆನೆದ ಕಲ್ಲುಗಳು ಹೆಚ್ಚಾಗಿ ಗಟ್ಟಿಯಾಗಿಯೇ ಇದ್ದವು. ಆಗ ಖೋಡೆ ಪ್ರತಿಷ್ಠಾನದವರು ಗುಡಿಯನ್ನು ಬಿಚ್ಚಿ ಮೇಲಕ್ಕೆ ಸಾಗಿಸುವ ಕೆಲಸಕ್ಕೆ ಕೈಹಾಕಿದರು. ಒಂದೊಂದು ಕಲ್ಲಿನ ಛಾಯಾಚಿತ್ರ ತೆಗೆದು, ಒಂದೊಂದಕ್ಕೂ ಗುರುತು ಬರೆದು, ಹೊಸ ಕನ್ನಂಬಾಡಿಯ ಹಿನ್ನೀರಿನ ದಂಡೆಯಲ್ಲಿ ಅದೇ ಕ್ರಮದಲ್ಲಿ ಜೋಡಿಸಿದರು. ಇಂದು ಅಲ್ಲಿಗೆ ಹೋದವರ ಕಣ್ಣಿಗೆ ಉದ್ದನೆಯ ಕೈಸಾಲೆ, ಅಂಗಳ, ಅದರಾಚೆ ಕಡಲಿನಂತೆ ಹರಡಿದ ನೀರು ಕಾಣುತ್ತವೆ. ಸಂಜೆಯ ಹೊತ್ತು ಇದಕ್ಕಿಂತ ಚೆಲುವಾದ ಸ್ಥಳ ಈ ಸುತ್ತಿನಲ್ಲಿ ಸಿಗುವುದು ಕಷ್ಟ.

ಈಜಿಪ್ಟಿನ ಆಸ್ವಾನ್ ಅಣೆಕಟ್ಟಿನ ಕಾಲದಲ್ಲಿ ಅಬು ಸಿಂಬೆಲ್ ಗುಡಿಗಳನ್ನು 1964ರಿಂದ 1968ರ ವರೆಗೆ ಹೀಗೆಯೇ ತುಂಡುತುಂಡಾಗಿ ಬಿಡಿಸಿ ಎತ್ತರಕ್ಕೆ ಒಯ್ದರು. ಜಗತ್ತೆಲ್ಲ ಅದನ್ನು ಕೊಂಡಾಡಿತು. ಅದೇ ಅಣೆಕಟ್ಟಿಗಾಗಿ ನೈಲ್ ದಂಡೆಯಿಂದ ಎದ್ದುಹೋದ ಸಹಸ್ರಾರು ನೂಬಿಯನ್ನರು ಹೊಳೆಯಿಲ್ಲದ ಹೊಸ ಮನೆಗಳಲ್ಲಿ ಹೇಗೆ ಬಾಳಿದರೆಂದು ಕೇಳಿದವರು ಕಡಮೆ. ಕಲ್ಲಿಗೆ ಅಂಕಿ ಬರೆದರೆ ಅದರ ಸ್ಥಾನ ಗೊತ್ತಾಗುತ್ತದೆ. ಮನುಷ್ಯನ ಸ್ಥಾನವೋ ನೆರೆಮನೆ, ಕೆಲಸ, ನಂಟು ಎಂಬ ಮೂರು ದಾರಗಳ ಗಂಟಿನಲ್ಲಿದೆ. ಒಂದು ದಾರ ಕಡಿದರೂ ಗಂಟು ಸಡಿಲ. ಮೇಲಾಗಿ ಎಲ್ಲೆಡೆಯೂ ಭೂಮಿಗೆ ಪಟ್ಟೆ ಇದ್ದವನು ಪರಿಹಾರದ ಪಟ್ಟಿಗೆ ಮೊದಲು ಸೇರುತ್ತಾನೆ. ಪಟ್ಟೆಯಿಲ್ಲದ ಕೂಲಿಯವನು, ದೋಣಿ ನಡೆಸುವವನು, ಹೊಳೆದಂಡೆಯಲ್ಲಿ ಬಟ್ಟೆ ಒಗೆಯುವವನು ಕೊನೆಗೆ ಉಳಿಯುತ್ತಾರೆ.

ಕನ್ನಡನಾಡಿನಲ್ಲಿ ಈ ವಿದ್ಯೆಯ ಪರೀಕ್ಷೆ ಮತ್ತೆ ಮತ್ತೆ ನಡೆದಿದೆ. ಆಲಮಟ್ಟಿಯ ಹಿನ್ನೀರಿಗೆ ಸಿಕ್ಕಿದ ಬಾಗಲಕೋಟೆಗಾಗಿ ಚಾರ್ಲ್ಸ್ ಕೊರಿಯಾ ಅವರಂಥ ವಾಸ್ತುಶಿಲ್ಪಿಯಿಂದ ನವನಗರದ ನಕ್ಷೆ ಮಾಡಿಸಿ, ದೊಡ್ಡದೊಂದು ಪಟ್ಟಣವನ್ನೇ ಕಟ್ಟಲಾಯಿತು. 2018ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಜರಿದು ಮನೆ ಕಳೆದುಕೊಂಡವರಿಗೆ ಜಂಬೂರು, ಮದೆನಾಡು ಮೊದಲಾದೆಡೆ ಹೊಸ ಮನೆಗಳು ಎದ್ದವು. ಅಂದು ಕೊಡಗಿನ ಬೆಟ್ಟವನ್ನು ಜಾರಿಸಿದ ಮಳೆಯೇ ಇಳಿದುಬಂದು ಕನ್ನಂಬಾಡಿಯನ್ನು ತುಂಬಿಸಿ, ಶ್ರೀರಂಗಪಟ್ಟಣದ ಸೇತುವೆಯನ್ನು ಮುಳುಗಿಸಿತು. ಬೆಟ್ಟದವನ ಸಂಕಟಕ್ಕೂ ದ್ವೀಪದವನ ಸಂಕಟಕ್ಕೂ ನಂಟು ಅಷ್ಟು ಹತ್ತಿರ.

ವಲಸೆಗಾರನ ಕೆರೆ, ಇಂಜಿನಿಯರನ ನಾಲೆ

ಪಾಂಡವಪುರಕ್ಕೆ ಹಿಂದೆ ಹಿರೋಡೆ ಎಂದು ಹೆಸರು. ಹೈದರ್, ಟಿಪ್ಪುಗಳ ಸೇವೆಯಲ್ಲಿದ್ದ ಫ್ರೆಂಚ್ ಪಡೆ ಇಲ್ಲಿ ಬೀಡುಬಿಟ್ಟಿದ್ದರಿಂದ ಇಂಗ್ಲಿಷರು ಇದನ್ನು ಫ್ರೆಂಚ್ ರಾಕ್ಸ್ ಎಂದರು. ಊರಿನಿಂದ ಅನತಿದೂರದಲ್ಲಿ ಎರಡು ಬೆಟ್ಟಗಳ ನಡುವೆ ತೊಣ್ಣೂರು ಕೆರೆ ಇದೆ. ಚೋಳರ ನಾಡನ್ನು ಬಿಟ್ಟು ಬಂದ ರಾಮಾನುಜಾಚಾರ್ಯರು ತೊಣ್ಣೂರಿನಲ್ಲಿ ಆಶ್ರಯ ಪಡೆದು, ಈ ಕೆರೆಯನ್ನು ಕಟ್ಟಿಸಿ, ತಿರುಮಲಸಾಗರವೆಂದು ಕರೆದರೆಂದು ಪ್ರತೀತಿ. 1746ರಲ್ಲಿ ಇಲ್ಲಿಗೆ ಬಂದ ನಾಸಿರ್ ಜಂಗನು ನೀರಿನ ತಿಳಿಯನ್ನು ಕಂಡು ಮೋತಿ ತಲಾಬ್ ಎಂದನು. ನೆಲೆ ತಪ್ಪಿ ಬಂದ ಯತಿಯೊಬ್ಬರು ಬಂದ ನಾಡಿಗೆ ಒಂದು ಕೆರೆಯನ್ನು ಬಿಟ್ಟುಹೋದರೆಂದು ಜನರು ನಂಬಿಕೊಂಡು ಬಂದಿದ್ದಾರಲ್ಲ, ಆ ನಂಬಿಕೆಯಲ್ಲಿಯೇ ಒಂದು ನೀತಿಯಿದೆ. ವಲಸೆ ಬಂದವನು ಊರಿಗೆ ಹೊರೆಯಾಗಬೇಕೆಂದೇನೂ ಇಲ್ಲ. ಅವನಿಗೆ ಕೆಲಸವೂ ಗೌರವವೂ ದೊರೆತರೆ ಊರಿನ ಆಸ್ತಿಯನ್ನು ಹೆಚ್ಚಿಸಿಯಾನು.

ಈ ತಾಲ್ಲೂಕನ್ನು ಹಾದುಹೋಗುವ ವಿಶ್ವೇಶ್ವರಯ್ಯ ನಾಲೆಯು ಮೊದಲು ವೈಸರಾಯ್ ಇರ್ವಿನ್ನನ ಹೆಸರನ್ನು ಹೊತ್ತಿತ್ತು. 1,20,000 ಎಕರೆಗೆ ನೀರುಣಿಸುವುದು ಅದರ ಉದ್ದೇಶ. ವಿಶ್ವೇಶ್ವರಯ್ಯನವರು ನೀರಿನೊಡನೆ ಒಂದು ಕಟ್ಟುಪಾಡನ್ನೂ ಕೊಟ್ಟರು. ನಾಲೆಯ ಕೆಳಗಿನ ಭೂಮಿಯನ್ನು ಮೂರು ಪಾಲು ಮಾಡಿ, ಸರದಿಯಂತೆ ಒಂದರಲ್ಲಿ ಬತ್ತ, ಒಂದರಲ್ಲಿ ಕಬ್ಬು, ಇನ್ನೊಂದರಲ್ಲಿ ಕಡಮೆ ನೀರಿನ ಬೆಳೆ ಇಡಬೇಕೆಂಬುದು ಅದರ ಸಾರ. ಕೆಲವೇ ಹಳ್ಳಿಗಳು ನೀರಿನಲ್ಲಿ ಮುಳುಗಿ ಏಳುವುದಕ್ಕಿಂತ ಹೆಚ್ಚು ಹಳ್ಳಿಗಳು ಹಿತಮಿತವಾಗಿ ಉಣ್ಣಲಿ ಎಂಬ ಧೋರಣೆ ಅದರದು. ಕಾಲ ಕಳೆದಂತೆ ಕಟ್ಟುಪಾಡು ಸಡಿಲವಾಗಿ, ಗದ್ದೆಯೂ ಕಬ್ಬೂ ಎಲ್ಲೆಡೆ ಹಬ್ಬಿದವು. ಮಳೆ ಕೈಕೊಟ್ಟ ವರ್ಷ ನಾಲೆಯ ಕೊನೆಯ ರೈತ ಆಕಾಶವನ್ನೂ ತೂಬನ್ನೂ ಸರದಿಯಂತೆ ನೋಡುತ್ತ ಕುಳಿತಿರುತ್ತಾನೆ.

ಹೇಮಾವತಿಯ ದಂಡೆ

ಕೃಷ್ಣರಾಜಪೇಟೆಯ ಹಳೆಯ ಹೆಸರು ಅತ್ತಿಕುಪ್ಪೆ. 1891ರಲ್ಲಿ ಹೊಸ ಹೆಸರು ಬಂದಿತು. ಶಿಲ್ಪಪ್ರಿಯರು ಹೊಸಹೊಳಲಿನ ಲಕ್ಷ್ಮೀನಾರಾಯಣನನ್ನು ನೋಡಿಕೊಂಡು ಬರುತ್ತಾರೆ. ತಾಲ್ಲೂಕಿನ ಜೀವನಾಡಿ ಹೇಮಾವತಿ. ಹೇಮಗಿರಿ, ಮಂದಗೆರೆಗಳ ಅಣೆಗಳಿಂದ ಹೊರಟ ನಾಲೆಗಳ ಕೆಳಗೆ ತೆಂಗು, ಬತ್ತ, ಕಬ್ಬುಗಳ ಹಸಿರು. ವರಾಹನಾಥ ಕಲ್ಲಹಳ್ಳಿಯ ಭೂವರಾಹಸ್ವಾಮಿಯ ಗುಡಿಯ ಬಳಿಗೆ ಕಟ್ಟೆ ತುಂಬಿದಾಗ ಹಿನ್ನೀರು ಬಂದು ನಿಲ್ಲುತ್ತದೆ. ಭೂದೇವಿಯನ್ನು ನೀರಿನಿಂದ ಮೇಲೆತ್ತಿದ ದೇವರೇ ಇಲ್ಲಿ ನೀರಿನ ಅಂಚಿನಲ್ಲಿ ಕಾದಿರುವುದು ಯಾತ್ರಿಕರ ಮನಸ್ಸನ್ನು ತಟ್ಟದಿರದು. ಹೊಳೆಯ ಮೇಲ್ಭಾಗದಲ್ಲಿ, ಹಾಸನ ಜಿಲ್ಲೆಯ ಗೊರೂರಿನಲ್ಲಿ 1979ರಲ್ಲಿ ಹೇಮಾವತಿ ಅಣೆಕಟ್ಟು ಮುಗಿಯಿತು. ಅದರ ಹಿನ್ನೀರಿನಲ್ಲಿ ಶೆಟ್ಟಿಹಳ್ಳಿಯ ಹಳೆಯ ಚರ್ಚು ಮಳೆಗಾಲದಲ್ಲಿ ಅರ್ಧ ಮುಳುಗಿ, ಬೇಸಗೆಯಲ್ಲಿ ಬಯಲಲ್ಲಿ ನಿಂತು, ಎದ್ದುಹೋದ ಊರುಗಳ ನೆನಪನ್ನು ಹಿಡಿದುಕೊಂಡಿದೆ.

ಗೊರೂರು, ಹಾರಂಗಿ, ಕನ್ನಂಬಾಡಿ ಹೀಗೆ ಮೇಲಿಂದ ಕೆಳಕ್ಕೆ ಅಣೆಕಟ್ಟುಗಳಿದ್ದ ಮೇಲೆ ಪ್ರವಾಹದ ಭಯವೇಕೆಂದು ಕೇಳಬಹುದು. ಬೆಳೆಗೂ ಕುಡಿಯುವುದಕ್ಕೂ ಬೇಕಾದ ಕಟ್ಟೆಯನ್ನು ತುಂಬಿಸಿ ಇಡಬೇಕು. ಪ್ರವಾಹವನ್ನು ತಡೆಯಬೇಕಾದ ಕಟ್ಟೆಯನ್ನು ಅಷ್ಟಿಷ್ಟು ಬರಿದು ಇಡಬೇಕು. ಕನ್ನಂಬಾಡಿಯದು ಮೊದಲನೆಯ ಕೆಲಸ. ಗಾಳಿಯು ಒಂದು ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾದರೆ ಶೇಕಡ ಸುಮಾರು 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿಯಬಲ್ಲದೆಂಬುದು ಭೌತಶಾಸ್ತ್ರದ ಪಾಠ. ಆದ್ದರಿಂದ ಬಿಸಿಯೇರುತ್ತಿರುವ ಲೋಕದಲ್ಲಿ ಮಳೆ ಬಂದಾಗ ಒಮ್ಮೆಗೇ ಸುರಿಯುತ್ತದೆ. ಬಾರದಾಗ ನೆಲದ ಪಸೆಯನ್ನು ಬಿಸಿಲು ಬೇಗ ಹೀರುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಬೇಕಾಯಿತು. ಮರುವರ್ಷ ಜುಲೈಯಲ್ಲಿ ಕಟ್ಟೆ ತುಂಬಿತು. 2025ರಲ್ಲಿಯೋ ಜೂನ್ ಮುಗಿಯುವ ಮೊದಲೇ 124.80 ಅಡಿ ಮುಟ್ಟಿತು. ಕಟ್ಟೆಯ ಚರಿತ್ರೆಯಲ್ಲಿ ಜೂನ್ ತಿಂಗಳಲ್ಲಿ ತುಂಬಿದ್ದು ಅದೇ ಮೊದಲು. ತುಂಬಿದ ಕಟ್ಟೆಗೆ ಬಾಗಿನ ಅರ್ಪಿಸುವ ದಿನ ಮಂಡ್ಯದ ರೈತನ ಮುಖ ಅರಳುತ್ತದೆ. ಅದೇ ದಿನ ಶ್ರೀರಂಗಪಟ್ಟಣದ ತಗ್ಗಿನಲ್ಲಿರುವವನ ಎದೆ ಅಳುಕುತ್ತದೆ, ಏಕೆಂದರೆ ಇನ್ನು ಮುಂದೆ ಬಂದ ನೀರೆಲ್ಲ ಹಾಗೆಯೇ ಕೆಳಕ್ಕೆ ಹೋಗಬೇಕು. ಕಟ್ಟೆಯ ಬಾಗಿಲು ತೆರೆಯುವ ಅಧಿಕಾರಿ ಎಷ್ಟೇ ಜಾಣನಾದರೂ ಈ ಇಬ್ಬರನ್ನೂ ಒಟ್ಟಿಗೆ ತೃಪ್ತಿಪಡಿಸಲಾರ. ಹೊಳೆಗೆ ಸೇರಿದ ಅಂಚನ್ನು ಹೊಳೆಗೇ ಬಿಟ್ಟು, ಅಲ್ಲಿ ತೋಟ, ಗೋಮಾಳ, ಸ್ನಾನಘಟ್ಟಗಳನ್ನಿಟ್ಟು, ಮನೆಗಳನ್ನು ಎತ್ತರಕ್ಕೆ ಒಯ್ಯುವುದೊಂದೇ ಕೆಳಗಿನವರಿಗೆ ಉಳಿದ ದಾರಿ.

ಪಟ್ಟಿಗೆ ಸೇರದವರು

ನಾಗಮಂಗಲದ ಕಡೆಗೆ ತಿರುಗಿದೊಡನೆ ನೋಟ ಬದಲಾಗುತ್ತದೆ. ಗದ್ದೆಯ ಹಸಿರು ಹಿಂದೆ ಉಳಿದು ರಾಗಿ, ಹುರುಳಿಯ ಹೊಲ, ತೆಂಗಿನ ತೋಪು, ಬಂಡೆಗುಡ್ಡಗಳು ಎದುರಾಗುತ್ತವೆ. ಸೌಮ್ಯಕೇಶವನ ಗುಡಿಯಿರುವ ಈ ಊರು ಲೋಹದ ವಿಗ್ರಹಗಳನ್ನು ಎರಕ ಹೊಯ್ಯುವ ಕುಶಲಿಗಳಿಗೆ ಹೆಸರುವಾಸಿ. ತಾಲ್ಲೂಕಿನಲ್ಲಿ ದೊಡ್ಡ ಹೊಳೆಯಿಲ್ಲ. ಹೇಮಾವತಿಯ ನಾಲೆ ಕೆಲವು ಕಡೆಗೆ ತಲುಪಿದೆ. ಉಳಿದೆಡೆ ಮಳೆ, ಕೆರೆ, ಕೊಳವೆಬಾವಿಗಳೇ ಗತಿ. ಜಿಲ್ಲೆಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 700 ಮಿಲಿಮೀಟರು.

ಇಲ್ಲಿಂದಲೂ ಕೃಷ್ಣರಾಜಪೇಟೆಯ ಒಣಭಾಗಗಳಿಂದಲೂ ಜನರು ಕೆಲಸವನ್ನರಸಿ ಬೆಂಗಳೂರಿಗೂ ಮುಂಬಯಿಗೂ ಹೋಗುವುದು ಬಹಳ ಹಿಂದಿನಿಂದ ನಡೆದುಬಂದಿದೆ. ಎಷ್ಟು ಜನರು ಹಾಗೆ ಹೋಗಿದ್ದರೆಂಬುದು 2020ರ ಮೇ ತಿಂಗಳಲ್ಲಿ, ಕೊರೋನಾ ಕಾಲದಲ್ಲಿ, ಮುಂಬಯಿಯಿಂದ ಮರಳಿದವರನ್ನು ಈ ಎರಡು ತಾಲ್ಲೂಕುಗಳ ಶಾಲೆಗಳಲ್ಲಿಯೂ ವಿದ್ಯಾರ್ಥಿನಿಲಯಗಳಲ್ಲಿಯೂ ಇರಿಸಿದಾಗ ನಾಡಿಗೆಲ್ಲ ಗೊತ್ತಾಯಿತು. ಕನ್ನಂಬಾಡಿಯವರನ್ನು ಎಬ್ಬಿಸಿದ್ದು ನೀರು. ಅವರಿಗೆ ಒಂದು ಹೊಸ ಊರಾದರೂ ದೊರೆಯಿತು, ಹೆಸರಾದರೂ ಉಳಿಯಿತು. ಇವರನ್ನು ಎಬ್ಬಿಸಿದ್ದು ನೀರಿನ ಅಭಾವ. ಅದಕ್ಕೆ ದಿನಾಂಕವಿಲ್ಲ, ನೋಟೀಸಿಲ್ಲ, ಪರಿಹಾರದ ಪಟ್ಟಿಯಿಲ್ಲ. ಒಂದು ವರ್ಷ ಅಣ್ಣ ಹೋಗುತ್ತಾನೆ, ಇನ್ನೊಂದು ವರ್ಷ ತಮ್ಮ. ಕೊನೆಗೆ ಜಗಲಿಯ ಮೇಲೆ ಅಜ್ಜಿಯೊಬ್ಬಳು ಉಳಿಯುತ್ತಾಳೆ. ಹೀಗೆ ಸದ್ದಿಲ್ಲದೆ ಮುಳುಗುವ ಊರನ್ನು ಯಾವ ನಕ್ಷೆಯೂ ಮುಳುಗಡೆಯೆಂದು ತೋರಿಸುವುದಿಲ್ಲ.

ಹಿಂದಿನವರು ಈ ಒಣನೆಲದಲ್ಲಿ ಊರು ಕಟ್ಟಿದ್ದು ಕೆರೆಯನ್ನು ನಂಬಿ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ, ಅಲ್ಲಿಂದ ಅದರ ಕೆಳಗಿನದಕ್ಕೆ ಹೋಗುತ್ತದೆ. ಏರಿಯ ಹಿಂದೆ ಗದ್ದೆ, ಗದ್ದೆಗೆ ಅಂಚಾಗಿ ದಿಣ್ಣೆಯ ಮೇಲೆ ಊರು. ತೂಬನ್ನು ಎತ್ತಲು, ಇಳಿಸಲು ನೀರುಗಂಟಿ. ಬೇಸಗೆಯಲ್ಲಿ ಹೂಳೆತ್ತಿ ಗೋಡನ್ನು ಹೊಲಕ್ಕೆ ಸಾಗಿಸಲು ಊರಿಗೆ ಊರೇ. ಬರಕ್ಕೂ ಪ್ರವಾಹಕ್ಕೂ ಒಂದೇ ಮದ್ದು ಅದು. ಹೂಳು ತುಂಬಿದ ಕೆರೆಗೆ ಎರಡು ದೋಷಗಳು: ಮಳೆ ಬಂದಾಗ ಹಿಡಿದಿಡಲಾರದು, ಬಾರದಾಗ ಕೊಡಲಾರದು. 2022ರ ಮಳೆಗಾಲದಲ್ಲಿ ಜಿಲ್ಲೆಯ ಎಷ್ಟೋ ಕೆರೆಗಳು ವರ್ಷಗಳ ಮೇಲೆ ಕೋಡಿ ಹರಿದು, ಕೆಲವೆಡೆ ಏರಿ ಒಡೆದು ಬೆಳೆ ಕೊಚ್ಚಿಹೋಯಿತು. ಮರುವರ್ಷವೇ ಅದೇ ಸೀಮೆ ಕುಡಿಯುವ ನೀರಿಗೆ ಪರದಾಡಿತು.

ನಾಗಮಂಗಲದ ಗುಡ್ಡಗಳಲ್ಲಿ ಹುಟ್ಟುವ ಲೋಕಪಾವನಿ ಎಂಬ ಕಿರುಹೊಳೆ ಪಾಂಡವಪುರ ತಾಲ್ಲೂಕನ್ನು ಹಾದು, ಶ್ರೀರಂಗಪಟ್ಟಣದ ಹತ್ತಿರ ಕರಿಘಟ್ಟದ ಬುಡದಲ್ಲಿ ಕಾವೇರಿಯನ್ನು ಸೇರುತ್ತದೆ. ಮೇಲಿನ ಹಳ್ಳಿಯವನು ತನ್ನ ಕೆರೆಯ ಹೂಳೆತ್ತಿ ಮಳೆಯನ್ನು ನಿಲ್ಲಿಸಿಕೊಂಡರೆ, ಆ ಹೊಳೆಯಲ್ಲಿ ಒಮ್ಮೆಗೇ ನುಗ್ಗುವ ನೀರು ಅಷ್ಟು ಕಡಮೆ. ತಾನೂ ಊರು ಬಿಡಬೇಕಾಗಿಲ್ಲ. ಕಾವೇರಿಯ ಮಹಾಪೂರವನ್ನು ಈ ಕೆರೆಗಳು ತಡೆಯಲಾರವು, ನಿಜ. ಆದರೆ ನಾಲ್ಕು ತಾಲ್ಲೂಕುಗಳ ಊರುಗಳನ್ನು ಬೇರೆಬೇರೆಯಾಗಿ ಯೋಚಿಸಿದರೆ ಯಾವುದೂ ಉಳಿಯದೆಂಬುದನ್ನು ಆ ಕಿರುಹೊಳೆ ದಿನವೂ ಹೇಳುತ್ತ ಹರಿಯುತ್ತಿದೆ. ದ್ವೀಪದಲ್ಲಿ ನೀರಿಗೆ ಜಾಗ ಬಿಡಬೇಕು. ನಾಗಮಂಗಲದಲ್ಲಿ ನೀರಿಗೆ ಜಾಗ ಮಾಡಿಕೊಡಬೇಕು. ಎಬ್ಬಿಸಲೇಬೇಕಾದವರನ್ನು ನೆರೆಹೊರೆಯೊಡನೆ, ಕೆಲಸದೊಡನೆ, ಊರಿನ ಹೆಸರಿನೊಡನೆ ಎಬ್ಬಿಸಬೇಕು. ಕರಿಘಟ್ಟದ ಮೆಟ್ಟಿಲುಗಳನ್ನು ಹತ್ತಿದವರಿಗೆ ಕೆಳಗೆ ಲೋಕಪಾವನಿ ಕಾವೇರಿಯಲ್ಲಿ ಬೆರೆಯುವ ತಾಣವೂ ಅದರಾಚೆ ದ್ವೀಪದ ಮನೆಗಳೂ ಒಂದೇ ನೋಟದಲ್ಲಿ ಕಾಣುತ್ತವೆ. ಮುಂದಿನ ಸಲ ರಂಗನಾಥನ ದರ್ಶನಕ್ಕೆ ಹೋಗುವ ಸಂಸಾರಗಳು ಆ ಮೆಟ್ಟಿಲುಗಳನ್ನು ಹತ್ತಲು ಒಂದು ಗಂಟೆ ಮಿಗಿಸಿಕೊಳ್ಳಬಹುದು.